ಅಯೋಗ್ಯನೆಂದು ಅಂಜಿದ ಜಾನ್ ಬನ್ಯನ್

ಪಾಪದಲ್ಲಿ ನಿಶ್ಚಿಂತರಾಗಿ ಬಾಳುವವರಿಗೆ ತಟ್ಟದ ಒಂದು ಬಾಧೆಯು ದೈವಭಕ್ತರನ್ನು ಅನೇಕ ವೇಳೆ ಕಾಡುವುದುಂಟು. ಕರ್ತನ ಬಳಿಗೆ ಬರಲು ತಾವು ತಕ್ಕವರಲ್ಲ, ಆತನ ವಾಗ್ದಾನಗಳು ಇತರರಿಗೆ ಸಲ್ಲತಕ್ಕವೇ ಹೊರತು ತಮಗಲ್ಲ ಎಂಬ ಕೊರಗೇ ಆ ಬಾಧೆ. ನಮ್ಮ ಶಾಲೆಯಿಂದ ಹೊರಟು ಸಂಸಾರದ ಭಾರವನ್ನು ಹೊತ್ತಿರುವ ಸಹೋದರಿಯರಲ್ಲಿಯೂ ಇದನ್ನು ಬಲ್ಲವರು ಇಲ್ಲದಿಲ್ಲ. ಅಂಥವರ ಧೈರ್ಯಕ್ಕಾಗಿ, ಈ ದುಃಖವನ್ನು ತಳಮುಟ್ಟ ಅನುಭವಿಸಿ ಜಯಿಸಿದ ಒಬ್ಬ ಪುರುಷನ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವೆವು.

ಜಾನ್ ಬನ್ಯನನು 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಸಮೀಪದ ಎಲ್‌ಸ್ಟೊ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಹಳೆಯ ಪಾತ್ರೆಗಳ ತೂತು ಮುಚ್ಚಿ ಬೆಸುಗೆ ಹಾಕುವುದು ತಂದೆಯ ಕಸುಬು. ಮಗನೂ ಅದನ್ನೇ ಕಲಿತನು. ಓದುಬರಹವು ಅಲ್ಪವಾಗಿ ಮಾತ್ರ ದೊರೆಯಿತು. 1644ರಲ್ಲಿ ತಾಯಿಯೂ, ತರುವಾಯ ಒಂದು ತಿಂಗಳೊಳಗೆ ತಂಗಿಯೂ ತೀರಿಕೊಂಡರು. ಅದೇ ವರ್ಷ ಅವನು ಪಾರ್ಲಿಮೆಂಟಿನ ಪಕ್ಷದ ಸೈನ್ಯವನ್ನು ಸೇರಿದನು. ಒಮ್ಮೆ ಮುತ್ತಿಗೆಯೊಂದಕ್ಕೆ ಅವನು ಹೊರಡಬೇಕಾಗಿದ್ದಾಗ ಜೊತೆಯ ಸಿಪಾಯಿಯೊಬ್ಬನು ತಾನಾಗಿಯೇ ಬೇಡಿಕೊಂಡು ಅವನ ಬದಲಿಗೆ ಹೋಗಿ, ಕಾವಲು ನಿಂತಿರುವಾಗ ತಲೆಗೆ ಗುಂಡು ತಗಲಿ ಸತ್ತನು. ತನ್ನ ಪ್ರಾಣವು ಉಳಿದುದನ್ನು ಬನ್ಯನನು ಮರೆಯಲಿಲ್ಲ.

ಸೈನ್ಯದಿಂದ ಮರಳಿದ ಮೇಲೆ ಅವನು ಮದುವೆಯಾದನು. ದಂಪತಿಗಳಿಗೆ ತಟ್ಟೆ ಚಮಚಗಳಿಗೂ ಗತಿಯಿರಲಿಲ್ಲ. ಆ ಹೆಂಡತಿಯು ತವರಿನಿಂದ ತಂದ ಆಸ್ತಿಯೆಂದರೆ ಎರಡು ಭಕ್ತಿಗ್ರಂಥಗಳು. ಅವನ್ನು ಓದಿ ಅವನು ದೇವಾಲಯಕ್ಕೆ ಹೋಗತೊಡಗಿದನು. ಕೆಟ್ಟ ಮಾತು, ಕುಣಿತ, ತನಗೆ ಪ್ರಿಯವಾಗಿದ್ದ ಗಂಟೆ ಬಾರಿಸುವ ವಿನೋದ ಇವೆಲ್ಲವನ್ನೂ ಒಂದೊಂದಾಗಿ ಬಿಟ್ಟನು. ನೆರೆಯವರು ಹೊಗಳಿದರು. ಆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ.

ಹೀಗಿರಲಾಗಿ ಒಂದು ದಿನ ಕಸುಬಿನ ನಿಮಿತ್ತ ಬೆಡ್‌ಫರ್ಡಿಗೆ ಹೋಗಿದ್ದಾಗ, ಮೂರು ನಾಲ್ಕು ಮಂದಿ ಬಡ ಹೆಂಗಸರು ಒಂದು ಮನೆಯ ಬಾಗಿಲಲ್ಲಿ ಬಿಸಿಲಿಗೆ ಕುಳಿತು ದೇವರು ತಮ್ಮಲ್ಲಿ ನಡಿಸಿದ ಕಾರ್ಯವನ್ನು ಕುರಿತು ಮಾತಾಡುತ್ತಿದ್ದುದು ಅವನ ಕಿವಿಗೆ ಬಿತ್ತು. ತಮ್ಮ ಹೃದಯದ ನೀಚತನವನ್ನು ಅವರು ಮರೆಮಾಡಲಿಲ್ಲ. ಆದರೂ ಅವರ ಮಾತಿನಲ್ಲಿ ಆನಂದವು ತುಂಬಿತ್ತು. ಧರ್ಮವಿಚಾರದಲ್ಲಿ ಮಾತುಗಾರನಾಗಿದ್ದ ಬನ್ಯನನಿಗೆ ಅದರ ಅರ್ಥವೇ ಆಗಲಿಲ್ಲ. ಆ ಹೆಂಗಸರ ಮೂಲಕವೇ ಅವನಿಗೆ ಸಭಾಪಾಲಕನಾದ ಜಾನ್ ಗಿಫರ್ಡನ ಪರಿಚಯವಾಯಿತು.

ಆದರೆ ಬೆಳಕು ಕಂಡೊಡನೆ ಕತ್ತಲೆಯು ಹೆಚ್ಚಾಯಿತು. ಕ್ರಿಸ್ತನನ್ನು ಮಾರಿಬಿಡು ಎಂಬ ದುರಾಲೋಚನೆಯು ಸುಮಾರು ಒಂದು ವರ್ಷ ಊಟದಲ್ಲಿಯೂ ಕೆಲಸದಲ್ಲಿಯೂ ಅವನನ್ನು ಬಿಡಲಿಲ್ಲ. ಹೋರಾಡಿ ದಣಿದ ಒಂದು ಮುಂಜಾನೆ, ಆತನಿಗೆ ಇಷ್ಟವಿದ್ದರೆ ಹೋಗಲಿ ಎಂಬ ಭಾವವು ಕ್ಷಣಮಾತ್ರ ಮನಸ್ಸಿನಲ್ಲಿ ಹಾದುಹೋಯಿತು. ಅಷ್ಟಕ್ಕೇ ಅವನು, ಜ್ಯೇಷ್ಠತ್ವವನ್ನು ಮಾರಿಕೊಂಡ ಏಸಾವನಂತೆ ತನಗೂ ಮಾನಸಾಂತರಕ್ಕೆ ಮಾರ್ಗವಿಲ್ಲವೆಂದು ನಿಶ್ಚಯಿಸಿ, ಸುಮಾರು ಎರಡು ವರ್ಷ ಘೋರವಾದ ನಿರಾಶೆಯಲ್ಲಿ ಬಿದ್ದಿದ್ದನು. ಮಾರ್ಟಿನ್ ಲೂಥರನು ಗಲಾತ್ಯದವರಿಗೆ ಬರೆದ ಪತ್ರಿಕೆಗೆ ಮಾಡಿದ ವ್ಯಾಖ್ಯಾನದ ಹಳೆಯ ಪ್ರತಿಯೊಂದು ಕೈಗೆ ಬಂದಾಗ, ಅದರಲ್ಲಿ ತನ್ನ ಹೃದಯವನ್ನೇ ಬರೆದಿರುವಂತೆ ಕಂಡು ಆಶ್ಚರ್ಯಪಟ್ಟನು.

ಕಡೆಗೆ ಒಂದು ದಿನ ಹೊಲದಲ್ಲಿ ನಡೆದು ಹೋಗುತ್ತಿರುವಾಗ ಅವನಿಗೆ ಬಿಡುಗಡೆಯು ದೊರೆಯಿತು. ತನ್ನ ನೀತಿಯು ತನ್ನೊಳಗಲ್ಲ, ಪರಲೋಕದಲ್ಲಿ ದೇವರ ಬಲಗಡೆಯಲ್ಲಿರುವ ಕ್ರಿಸ್ತನೇ ಆ ನೀತಿಯು ಎಂದು ಅವನಿಗೆ ಹೊಳೆಯಿತು. ತನ್ನ ಮನಸ್ಸು ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದು ಹೆಚ್ಚುವುದೂ ಇಲ್ಲ, ಕುಂದಿದರೆ ಅದು ಕಡಿಮೆಯಾಗುವುದೂ ಇಲ್ಲ. ಇದು ಅವನ ಜೀವನದ ತಿರುಳು. ಯೋಗ್ಯತೆಗಾಗಿ ತನ್ನ ಅಂತರಂಗವನ್ನೇ ಶೋಧಿಸುತ್ತಿದ್ದವನು ಅಂದು ಮುಖವೆತ್ತಿ ತನ್ನ ರಕ್ಷಕನ ಕಡೆಗೆ ನೋಡಿದನು.

ಇನ್ನು ಮೇಲೆ ಶೋಧನೆಯೇ ಇರಲಿಲ್ಲವೆಂದು ಭಾವಿಸಬಾರದು. ಸಭೆಯನ್ನು ಸೇರಿ ಕರ್ತನ ಭೋಜನದಲ್ಲಿ ಪಾಲುಗಾರನಾದ ಮೇಲೆಯೂ ಮುಕ್ಕಾಲು ವರ್ಷ ದುಷ್ಟ ಆಲೋಚನೆಗಳು ಆ ಪಂಕ್ತಿಯಲ್ಲಿಯೇ ಅವನನ್ನು ಮುತ್ತಿದವು. ಆಗ ಅವನು, ರೊಟ್ಟಿಯೂ ಪಾತ್ರೆಯೂ ಒಬ್ಬರಿಂದೊಬ್ಬರಿಗೆ ಸಾಗುತ್ತಿರುವಾಗ, ಅವನ್ನು ತೆಗೆದುಕೊಳ್ಳುವವರಿಗೆ ಅವು ಆಶೀರ್ವಾದವಾಗಲೆಂದು ಪ್ರಾರ್ಥಿಸುತ್ತ ಕುಳಿತಿದ್ದನು.

ತರುವಾಯ ಬನ್ಯನನು ಬೋಧಕನಾದನು. ಅಪ್ಪಣೆಯಿಲ್ಲದೆ ಬೋಧಿಸಿದ ಕಾರಣ 1660ನೆಯ ನವೆಂಬರಿನಲ್ಲಿ ಸೆರೆಯಾಗಿ, 1672ರ ವರೆಗೆ ಹೆಚ್ಚು ಕಡಿಮೆ ಹನ್ನೆರಡು ವರ್ಷ ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದನು. ಬೋಧಿಸುವುದಿಲ್ಲವೆಂದು ಮಾತುಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು. ಮೊದಲ ಹೆಂಡತಿಯು ತೀರಿಹೋಗಿದ್ದಳು. ಎರಡನೆಯ ಹೆಂಡತಿಯಾದ ಎಲಿಜಬೆತಳು 1661ರಲ್ಲಿ ನ್ಯಾಯಾಧಿಪತಿಗಳ ಮುಂದೆ ಅಂಜದೆ ನಿಂತು ಗಂಡನಿಗಾಗಿ ವಾದಿಸಿದಳು, ಆದರೆ ಫಲವಾಗಲಿಲ್ಲ. ನಾಲ್ಕು ಮಂದಿ ಮಲಮಕ್ಕಳ ಪೋಷಣೆಯು ಅವಳ ಪಾಲಿಗಿತ್ತು. ಅವರಲ್ಲಿ ಹಿರಿಯಳಾದ ಮೇರಿಯು ಹುಟ್ಟುಕುರುಡಿ. ಆಕೆಯನ್ನು ನೆನೆದರೆ ತಂದೆಯ ಕರುಳು ಹರಿಯುತ್ತಿತ್ತು. ಅವನು ಸೆರೆಯಲ್ಲಿ ಲಾಡಿಗಳನ್ನು ಮಾಡಿ ಮಾರಿಸಿ ಸಂಸಾರಕ್ಕೆ ನೆರವಾದನು. ಅಲ್ಲಿಯೇ ತನ್ನ ಆತ್ಮದ ಹೋರಾಟವನ್ನೆಲ್ಲ ಬರೆದು 1666ರಲ್ಲಿ ಅಚ್ಚು ಹಾಕಿಸಿದನು.

1678ರಲ್ಲಿ ಪ್ರಕಟವಾದ ಅವನ ಯಾತ್ರಿಕನ ಕಥೆಯು ಲೋಕವಿಖ್ಯಾತವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಕನ್ನಡಕ್ಕೂ ಬಂದಿತು. ಅದರ ಎರಡನೆಯ ಭಾಗವು 1684ರದು. ಅದರಲ್ಲಿ ಮರ್ಸಿ ಎಂಬ ಹುಡುಗಿಯು, ಅರಸನು ತನ್ನನ್ನು ಕರೆದಿಲ್ಲವೆಂಬ ಭಯದಿಂದ ಬಾಗಿಲ ಹೊರಗೇ ನಿಂತು, ಕಡೆಗೆ ತಟ್ಟಿ ಮೂರ್ಛೆ ಹೋಗುತ್ತಾಳೆ. ಬಾಗಿಲವನು ಕೈಹಿಡಿದೆತ್ತಿ ಒಳಕ್ಕೆ ಕರೆದುಕೊಳ್ಳುತ್ತಾನೆ. ಭೀರು ಎಂಬ ಅರ್ಥದ ಹೆಸರುಳ್ಳ ಇನ್ನೊಬ್ಬ ಯಾತ್ರಿಕನಿದ್ದಾನೆ. ಅವನಿಗೆ ಕಡಿದಾದ ಬೆಟ್ಟದ ಭಯವಿಲ್ಲ, ಸಿಂಹಗಳ ಭಯವಿಲ್ಲ. ತನ್ನನ್ನು ಕೊನೆಗೆ ಅಂಗೀಕರಿಸುವರೋ ಇಲ್ಲವೋ ಎಂಬುದೊಂದೇ ಭಯ. ಅವನು ಮರಣದ ಹೊಳೆಗೆ ಬಂದ ದಿನ ಅದರ ನೀರು ಎಂದೂ ಇಲ್ಲದಷ್ಟು ಇಳಿದಿತ್ತು. ಪಾದ ನೆನೆಯುವಷ್ಟರಲ್ಲಿ ದಾಟಿಹೋದನು. ಅಂಜುವವರಲ್ಲಿ ಇಷ್ಟು ಕನಿಕರವು ತಾನೇ ಅಂಜಿದವನಿಗಲ್ಲದೆ ಮತ್ತಾರಿಗೆ ಬಂದೀತು?

1688ರಲ್ಲಿ ಮುನಿದಿದ್ದ ಒಬ್ಬ ತಂದೆಯನ್ನು ಮಗನೊಡನೆ ಒಂದುಮಾಡಿ ಲಂಡನ್ನಿಗೆ ಬರುವಾಗ ಮಳೆಯಲ್ಲಿ ನೆನೆದು, ಜ್ವರ ಬಂದು, ಆಗಸ್ಟ್ 31ರಂದು ಅವನು ಕರ್ತನಲ್ಲಿ ನಿದ್ರಿಸಿದನು. ಅವನ ಸಮಾಧಿಯು ಬನ್‌ಹಿಲ್ ಫೀಲ್ಡ್ಸಿನಲ್ಲಿದೆ.

ತಾಯ್ತಂದೆಗಳೇ, ನಿಮ್ಮ ಮಕ್ಕಳಲ್ಲಿ ಮೆತು ಮನಸ್ಸಿನವರು ತಪ್ಪಿಗಾಗಿ ಅಳುವಾಗ, ನೀನು ದೇವರಿಗೆ ಬೇಡದವಳೆಂದು ಹೇಳಬೇಡಿರಿ. ಆ ಮಾತು ವರ್ಷಗಟ್ಟಲೆ ಅವರ ಎದೆಯಲ್ಲಿ ನೆಲಸೀತು. ಪ್ರಿಯ ಸಹೋದರಿಯರೇ, ತಕ್ಕವರಾದ ಮೇಲೆ ಬರುವೆವೆಂದು ಕಾಯುವವರಿಗೆ ಆ ದಿನವು ಬಾರದು. ನಾವು ಯೋಗ್ಯರಲ್ಲವೆಂಬುದು ನಿಜವೇ. ಆದರೆ ಕರೆಯುವಾತನು ಯೋಗ್ಯನು. ನಮ್ಮ ಭರವಸೆಯು ಆತನ ಮೇಲಿರಲಿ.