ಬಾಲವನದ ಕಾರಂತರು ಮತ್ತು ನಮ್ಮೂರ ಬೇಸಿಗೆ

ಡಾ. ಕೋಟ ಶಿವರಾಮ ಕಾರಂತರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಜ್ಞಾನಪೀಠ ಪಡೆದ ಕನ್ನಡಿಗರ ಪಟ್ಟಿಯನ್ನು ಬಾಯಿಪಾಠ ಮಾಡುವಾಗ ಕುವೆಂಪು, ಬೇಂದ್ರೆ ಆದ ಮೇಲೆ ಮೂರನೆಯವರಾಗಿ ಅವರು ಬರುತ್ತಾರೆ. ಹೆಸರಿನ ಮುಂದೆ ಮೂಕಜ್ಜಿಯ ಕನಸುಗಳು, 1977 ಎಂದು ಬರೆದುಕೊಂಡು ನಾವು ಮುಂದಿನ ಹೆಸರಿಗೆ ಹೋಗಿಬಿಡುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ನಾನು ಇಲ್ಲಿ ಬರೆಯಹೊರಟಿದ್ದು ಕಾದಂಬರಿಕಾರ ಕಾರಂತರ ಬಗ್ಗೆ ಅಲ್ಲ. ಮಕ್ಕಳಿಗಾಗಿ ಊರ ಹೊರಗೆ ಒಂದು ಜಾಗ ಮಾಡಿ ಅದಕ್ಕೆ ಬಾಲವನ ಎಂದು ಹೆಸರಿಟ್ಟ ಕಾರಂತರ ಬಗ್ಗೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅವರ ಆತ್ಮಕಥೆ ಹುಚ್ಚು ಮನಸ್ಸಿನ ಹತ್ತು ಮುಖಗಳು ಸಿಕ್ಕಿತು. ದಪ್ಪ ಪುಸ್ತಕ ಎಂದು ಹೆದರಿ ಎರಡು ಸಲ ಹಿಂದಕ್ಕೆ ಇಟ್ಟಿದ್ದೆ, ಮೂರನೇ ಸಲ ಮನೆಗೆ ಒಯ್ದೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ, ಸುಗ್ಗಿ ಮುಗಿದ ಗದ್ದೆಗಳಲ್ಲಿ ರಾತ್ರಿಯಿಡೀ ಯಕ್ಷಗಾನ ಬಯಲಾಟ. ಬಯಲಾಟ ಎನ್ನುವ ಶಬ್ದವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೊಡ್ಡಾಟ, ಸಣ್ಣಾಟಗಳೂ ಬಯಲಿನವೇ. ಆ ಹುಡುಗನಿಗೆ ಬಣ್ಣ, ವೇಷ, ಚೆಂಡೆಯ ಹುಚ್ಚು ಹಿಡಿದದ್ದು ಅಲ್ಲಿಂದ, ಮತ್ತು ಅದು ತೊಂಬತ್ತು ವರ್ಷ ಬಿಡಲಿಲ್ಲ.

ಕುಂದಾಪುರದಲ್ಲಿ ಶಾಲೆ ಮುಗಿಸಿ ಮಂಗಳೂರಿನಲ್ಲಿ ಕಾಲೇಜು ಸೇರಿದರು. ಗಾಂಧೀಜಿ ಅಸಹಕಾರ ಚಳವಳಿಗೆ ಕರೆ ಕೊಟ್ಟಾಗ ಕಾಲೇಜು ಬಿಟ್ಟು ಹೊರಗೆ ಬಂದರು. ಆಗ ಅವರಿಗೆ ಹೆಚ್ಚು ಕಡಿಮೆ ನಮ್ಮದೇ ವಯಸ್ಸು. ಖಾದಿ ಪ್ರಚಾರ ಮಾಡಿದರು, ವಸಂತ ಎಂಬ ಮಾಸಪತ್ರಿಕೆ ನಡೆಸಿದರು, ನಾಟಕ ಬರೆದು ಆಡಿಸಿದರು, ಕ್ಯಾಮೆರಾ ಹಿಡಿದು ಊರೂರು ತಿರುಗಿದರು. ಅಸ್ಪೃಶ್ಯತೆಯ ವಿಷಯ ಇಟ್ಟುಕೊಂಡು ಡೊಮಿಂಗೊ ಎಂಬ ಮೂಕಿ ಚಿತ್ರವನ್ನೂ ತೆಗೆದರು. 1930ರಲ್ಲಿ ಭಾರತೀಯ ಚಿತ್ರಕಲೆ ಎಂಬ ಪುಸ್ತಕ ಹೊರತಂದರು. ಚೋಮನ ದುಡಿ ಬಂದದ್ದು ಅದಾದ ಮೇಲೆ, 1933ರಲ್ಲಿ. ಅಂದರೆ ನಾವು ಕಾದಂಬರಿಕಾರ ಎಂದು ಗುರುತಿಸುವ ಮನುಷ್ಯ ಚೋಮನ ದುಡಿಗಿಂತ ಮೊದಲೇ ಚಿತ್ರ ನೋಡುವುದನ್ನು ಕನ್ನಡಿಗರಿಗೆ ಕಲಿಸಲು ಕೂತವರು. ಇದು ನನಗೆ ಬಹಳ ಇಷ್ಟವಾದ ಸಂಗತಿ.

ಪುತ್ತೂರು ಅವರ ಬದುಕಿನೊಳಗೆ ಬಂದದ್ದು ಈ ದಿನಗಳಲ್ಲೇ. ಪುತ್ತೂರಿನ ಪರ್ಲಡ್ಕ ಎಂಬಲ್ಲಿ ಗುಡ್ಡದ ಜಾಗದಲ್ಲಿ ಅವರು ನೆಲೆ ನಿಂತರು. ಸುಮಾರು ನಲವತ್ತು ವರ್ಷ ಅಲ್ಲೇ ಇದ್ದರು. ಅದೇ ಬಾಲವನ. 1936ರಲ್ಲಿ ಲೀಲಾ ಆಳ್ವರನ್ನು ಮದುವೆಯಾದರು. ಬ್ರಾಹ್ಮಣರ ಮನೆಯ ಹುಡುಗ, ಬಂಟರ ಮನೆಯ ಹುಡುಗಿ. ಆ ಕಾಲದಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಬಾಲವನದ ಕೆಲಸದಲ್ಲಿ, ಬರಹದ ಕೆಲಸದಲ್ಲಿ ಲೀಲಾ ಅವರ ಪಾಲು ದೊಡ್ಡದು.

ಮಕ್ಕಳಿಗೆ ಏನು ಬೇಕು ಎನ್ನುವ ಬಗ್ಗೆ ಕಾರಂತರಿಗೆ ತಮ್ಮದೇ ಆದ ವಿಚಾರವಿತ್ತು. ಬೆತ್ತ ಮತ್ತು ಬಾಯಿಪಾಠದಿಂದ ಮಗು ಕಲಿಯುತ್ತದೆ ಎನ್ನುವುದನ್ನು ಅವರು ಒಪ್ಪಲಿಲ್ಲ. ಆಡುತ್ತ, ಕುಣಿಯುತ್ತ, ಮುಟ್ಟಿ ನೋಡುತ್ತ, ಮಣ್ಣು ಮರಗಳ ನಡುವೆ ಓಡಾಡುತ್ತ ಕಲಿಯಬೇಕು ಎಂಬುದು ಅವರ ನಂಬಿಕೆ. ಬಾಲವನದಲ್ಲಿ ಇಂಥದ್ದೊಂದು ಶಾಲೆಯ ಪ್ರಯೋಗ ಮಾಡಿದರು. ಮಕ್ಕಳಿಗೆ ಹಾಡು, ನಾಟಕ, ಕುಣಿತ ಕಲಿಸಿದರು. ಮಾತಿಗಿಂತ ಹಾಡು ಮತ್ತು ಚಲನೆಗೆ ಹೆಚ್ಚು ಜಾಗ ಕೊಟ್ಟು ಗೀತನಾಟಕಗಳನ್ನು ಬರೆದರು. ಕಿಸಾಗೋತಮಿ, ಮುಕ್ತದ್ವಾರ ಅಂಥವು. ಪುತ್ತೂರಿನಲ್ಲಿ ದಸರೆಯ ನಾಡಹಬ್ಬವನ್ನು ಜನ ಸೇರುವ ದೊಡ್ಡ ಉತ್ಸವವಾಗಿ ಬೆಳೆಸಿದವರಲ್ಲಿ ಮೊಳಹಳ್ಳಿ ಶಿವರಾಯರ ಜೊತೆ ಇವರೂ ಒಬ್ಬರು.

ಆಮೇಲೆ ಬಾಲಪ್ರಪಂಚ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಕ್ಕಳು ಓದಿಕೊಳ್ಳುವಂಥ ವಿಶ್ವಕೋಶ ಕನ್ನಡದಲ್ಲಿ ಇರಲಿಲ್ಲ. ಇಂಗ್ಲಿಷಿನಲ್ಲಿ ಇಂಥ ಕೆಲಸಕ್ಕೆ ಹತ್ತಾರು ಪಂಡಿತರು, ಚಿತ್ರಗಾರರು, ಕಚೇರಿ, ಗುಮಾಸ್ತರು ಎಲ್ಲ ಇರುತ್ತಾರೆ. ಕಾರಂತರು ಒಬ್ಬರೇ ಕೂತು ಮೂರು ಸಂಪುಟ ಬರೆದರು. 1936ರಲ್ಲಿ ಅವು ಹೊರಬಂದವು. ಕೈಯಲ್ಲಿ ಹಣವಿಲ್ಲ, ವಿಜ್ಞಾನಕ್ಕೆ ಕನ್ನಡ ಶಬ್ದಗಳೇ ಸರಿಯಾಗಿ ಇಲ್ಲದ ಕಾಲ. ಮುಂದೆ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳನ್ನೂ ಹೀಗೆಯೇ ಬರೆದರು. ಈಗ ನಮ್ಮ ಕೈಯಲ್ಲಿ ಮೊಬೈಲ್ ಇದೆ, ಏನು ಕೇಳಿದರೂ ಎರಡು ಸೆಕೆಂಡಿಗೆ ಉತ್ತರ. ಆದರೂ ಒಬ್ಬ ಮನುಷ್ಯ ತನ್ನ ಭಾಷೆಯ ಮಕ್ಕಳಿಗಾಗಿ ನಕ್ಷತ್ರದಿಂದ ಹಿಡಿದು ಕೀಟದವರೆಗೆ ಎಲ್ಲವನ್ನೂ ತಾನೇ ಓದಿ, ತಾನೇ ಅರಗಿಸಿ, ತಾನೇ ಬರೆದ ಎಂದರೆ ತಲೆ ಸುತ್ತುತ್ತದೆ.

ಬಾಲವನದ ಶಾಲೆ ಬಹಳ ಕಾಲ ನಡೆಯಲಿಲ್ಲ. ಇದನ್ನು ಓದಿದಾಗ ನನಗೆ ಬೇಸರವಾಯಿತು. ಯಾಕೆಂದರೆ ಅಷ್ಟರಲ್ಲಿ ನಾನೂ ಕೆಲವು ಗೆಳತಿಯರೂ ಕಳೆದ ಬೇಸಿಗೆಯಲ್ಲಿ ಒಂದು ಸಣ್ಣ ಪ್ರಯತ್ನ ಮಾಡಿ ಮುಗಿಸಿದ್ದೆವು.

ಅಮೀನಗಡದ ಬೇಸಿಗೆ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಏಪ್ರಿಲ್ ಹತ್ತರ ಮೇಲೆ ಶಾಲೆಗೆ ರಜೆ, ಬಿಸಿಲು 40 ಡಿಗ್ರಿ, ಹತ್ತು ಗಂಟೆಗೇ ಓಣಿ ಖಾಲಿ. ಮಕ್ಕಳು ಪತ್ರಾಸಿನ ಮನೆಯೊಳಗೆ ಕುದಿಯುತ್ತ ಮೊಬೈಲಿಗಾಗಿ ಜಗಳಾಡುತ್ತಾರೆ. ಗಂಡು ಹುಡುಗರು ಬಾವಿಗೋ ಹೊಳೆಗೋ ಈಜಲು ಹೋಗಿ ಮನೆಯವರ ಜೀವ ಬಾಯಿಗೆ ತರುತ್ತಾರೆ. ಹುಡುಗಿಯರು ತಮ್ಮಂದಿರನ್ನು ನೋಡಿಕೊಳ್ಳುತ್ತ ಹೊಸ್ತಿಲ ಒಳಗೇ ಎರಡು ತಿಂಗಳು ಕಳೆಯುತ್ತಾರೆ. ನಮ್ಮ ಭಾಗದ ಎಷ್ಟೋ ಮನೆಯವರು ಬೇಸಿಗೆಯಲ್ಲಿ ಗೋವಾ, ಮಂಗಳೂರು, ಉಡುಪಿ ಕಡೆ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳನ್ನೂ ಕರೆದೊಯ್ಯುತ್ತಾರೆ. ರಜೆಗೆಂದು ಹೋದ ಮಕ್ಕಳಲ್ಲಿ ಕೆಲವರು ಜೂನ್‌ನಲ್ಲಿ ಶಾಲೆಗೆ ಮರಳುವುದಿಲ್ಲ.

ನಾವು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ನಮ್ಮ ಮನೆ ಹಿಂದಿನ ಬೇವಿನ ಮರದ ನೆರಳಿನಲ್ಲಿ ಓಣಿಯ ಮಕ್ಕಳನ್ನು ಕೂಡಿಸಿದೆವು. ಬಣ್ಣದ ಡಬ್ಬಿ ಕೊಳ್ಳಲು ದುಡ್ಡಿರಲಿಲ್ಲ. ದಾರಿ ತೋರಿಸಿದವರು ನಮ್ಮ ದಾದಿ. ಅವರು ಸಣ್ಣವರಿದ್ದಾಗ ಗೋಡೆಗೆ ಹುರಮಂಜು ಬಳಿದು, ಅದರ ಮೇಲೆ ಸುಣ್ಣದಿಂದ ಗೆರೆ ಎಳೆಯುತ್ತಿದ್ದರಂತೆ. ಹಾಗಾಗಿ ಕೆಂಪಿಗೆ ಹುರಮಂಜು, ಬಿಳಿಗೆ ಸುಣ್ಣ, ಕಪ್ಪಿಗೆ ಕುಟ್ಟಿದ ಇದ್ದಿಲು, ಹಳದಿಗೆ ಅರಿಷಿಣ. ಬೇವಿನ ಕಡ್ಡಿಯ ತುದಿ ಅಗಿದರೆ ಅದೇ ಕುಂಚ. ತೆಂಗಿನ ಚಿಪ್ಪುಗಳಲ್ಲಿ ಬಣ್ಣ. ಕಾಗದದ ಬದಲು ಮದುವೆ ಪತ್ರಿಕೆಗಳ ಹಿಂಬದಿ ಮತ್ತು ಅಂಗಡಿಯ ರಟ್ಟು.

ಆದರೆ ನೀರಿನಲ್ಲಿ ಕಲಸಿದ ಬಣ್ಣ ಒಣಗಿದ ಮೇಲೆ ಬೆರಳಿಗೆ ಅಂಟಿ ಉದುರುತ್ತಿತ್ತು. ಅದಕ್ಕೆ ಅಂಟು ಬೇಕು. ಅಂಟಿಗೆ ಅಮೀನಗಡದಲ್ಲಿ ಬರವೇ? ನಮ್ಮೂರ ಕರದಂಟಿನ ಹೆಸರಿನಲ್ಲೇ ಅಂಟು ಇದೆ, ಕರಿದ ಅಂಟು. ತಿನ್ನುವ ಅಂಟು ದುಬಾರಿ, ಅದನ್ನು ಕೇಳಿದರೆ ಅಮ್ಮಿ ಬೈಯುತ್ತಿದ್ದರು. ಹೊಲದ ಬದುವಿನ ಜಾಲಿ ಗಿಡಗಳ ತೊಗಟೆಯಿಂದ ಒಸರಿ ಗಟ್ಟಿಯಾದ ಅಂಟನ್ನು ಮಕ್ಕಳೇ ಆರಿಸಿ ತಂದರು. ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಬಣ್ಣಕ್ಕೆ ಬೆರೆಸಿದೆವು. ಕಡಿಮೆಯಾದರೆ ಬಣ್ಣ ಉದುರುತ್ತದೆ, ಹೆಚ್ಚಾದರೆ ಒಣಗಿ ಬಿರಿಯುತ್ತದೆ. ಹದ ಸಿಗಲು ನಾಲ್ಕು ದಿನ ಹಿಡಿಯಿತು. ಒಂದು ದಿನ ಒಬ್ಬ ಹುಡುಗಿ ಅರಿಷಿಣದ ಚಿಪ್ಪಿಗೆ ಸುಣ್ಣದ ಕಡ್ಡಿ ಅದ್ದಿದಳು. ಹಳದಿ ಹೋಗಿ ಕುಂಕುಮದ ಕೆಂಪು ಬಂತು. ಮಕ್ಕಳು ಕೂಗಿದ ಕೂಗಿಗೆ ಓಣಿಯ ಹೆಂಗಸರೆಲ್ಲ ಬಂದು ನಿಂತರು. ವಿಜ್ಞಾನ ವಿಭಾಗದ ಗೆಳತಿ ಸುಣ್ಣದ ಕ್ಷಾರದ ಗುಣ ವಿವರಿಸಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ, ಎಲ್ಲರೂ ತಮ್ಮ ತಮ್ಮ ಚಿಪ್ಪಿಗೆ ಸುಣ್ಣ ಹಾಕುವುದರಲ್ಲಿದ್ದರು. ಬಾಲಪ್ರಪಂಚವನ್ನು ಬರೆದವರು ಅಲ್ಲಿದ್ದರೆ ಖುಷಿಪಡುತ್ತಿದ್ದರು ಎಂದು ನನಗೆ ಈಗ ಅನಿಸುತ್ತದೆ.

ಎರಿ ಮಣ್ಣಿನಿಂದ ಎತ್ತು, ಬಂಡಿ, ಕುರಿ ಮಾಡಿದೆವು. ಮಣ್ಣೆತ್ತಿನ ಅಮಾವಾಸ್ಯೆಗೆ ಊರೆಲ್ಲ ಮಾಡುವ ಎತ್ತುಗಳೇ, ಎರಡು ತಿಂಗಳು ಮೊದಲು. ಬರೀ ಎರಿ ಮಣ್ಣು ಒಣಗುವಾಗ ಸೀಳುತ್ತದೆ, ಸ್ವಲ್ಪ ಹೊಟ್ಟು ಬೆರೆಸಿ ನೆರಳಲ್ಲಿ ಒಣಗಿಸಿದರೆ ತಡೆದುಕೊಳ್ಳುತ್ತದೆ. ಅತಿ ಚೆನ್ನಾಗಿ ಮಾಡುತ್ತಿದ್ದವನು ಐದನೇ ತರಗತಿ ಮುಗಿಸಿದ ಪಕ್ಕದ ಮನೆಯ ಹುಡುಗ. ಕುರಿ ಸಂತೆಯಲ್ಲಿ ಬೆಳೆದವನು, ಅವನು ಮಾಡಿದ ಟಗರಿನ ಕೊಂಬು ನೋಡಿದರೆ ಹಾಯಲು ಬರುತ್ತದೇನೋ ಅನ್ನಿಸುತ್ತಿತ್ತು. ಮೂರನೇ ವಾರ ಅವನು ಬರಲಿಲ್ಲ. ತಾಯಿ ತಂದೆಯ ಜೊತೆ ಉಡುಪಿ ಕಡೆಗೆ ಹೋದನೆಂದು ಗೊತ್ತಾಯಿತು. ಜುಲೈ ಕೊನೆಗೆ ಮರಳಿದ, ಈಗ ಆರನೇ ತರಗತಿಗೆ ಹೋಗುತ್ತಿದ್ದಾನೆ. ಅವನ ಓರಗೆಯ ಇನ್ನೊಬ್ಬ ಹುಡುಗ ಇನ್ನೂ ಅಲ್ಲೇ ಇದ್ದಾನೆ.

ಅವರು ಹೋದದ್ದು ಕಾರಂತರ ನಾಡಿಗೇ. ನನ್ನ ಚಾಚಾ ಒಮ್ಮೆ ಪುತ್ತೂರಿನಲ್ಲಿ ಕೆಲಸಕ್ಕಿದ್ದರು. ಬಾಲವನದ ಹೆಸರು ಹೇಳಿದಾಗ ಆ ಕಡೆ ನಡೆದಾಡಿದ್ದು ನೆನಪಿಸಿಕೊಂಡರು, ಒಳಗೆ ಏನಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಕಾರಂತರು ವಾಸವಿದ್ದ ಮನೆಯನ್ನು ಈಗ ಸರ್ಕಾರ ದುರಸ್ತಿ ಮಾಡಿ ಉಳಿಸಿಕೊಂಡಿದೆ. ಆವರಣದಲ್ಲಿ ಈಜುಕೊಳವೂ ಇದೆ.

ಮುಂದಿನ ಕಾರಂತರ ಬದುಕು ಬಹಳ ಜನರಿಗೆ ಗೊತ್ತಿರುವಂಥದ್ದು. ನಲವತ್ತೇಳು ಕಾದಂಬರಿ, ಒಟ್ಟು ನಾನೂರಕ್ಕೂ ಹೆಚ್ಚು ಪುಸ್ತಕ. 1955ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಯಕ್ಷಗಾನ ಬಯಲಾಟ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದರು, ಸಂಪ್ರದಾಯದವರಿಂದ ಬೈಸಿಕೊಂಡರು, ಇಳಿವಯಸ್ಸಿನಲ್ಲೂ ಗೆಜ್ಜೆ ಕಟ್ಟಿ ಕುಣಿದರು. ಪದ್ಮಭೂಷಣ ಪಡೆದು, ತುರ್ತು ಪರಿಸ್ಥಿತಿ ಹೇರಿದಾಗ ಅದನ್ನು ಹಿಂದಿರುಗಿಸಿದರು. ಕೈಗಾ ಅಣು ಸ್ಥಾವರದ ವಿರುದ್ಧ ನಿಂತು 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿ ಸೋತರು. ಆಗ ಅವರಿಗೆ ಎಂಬತ್ತೇಳು ವರ್ಷ. ಹುಲಿಗಳ ಅಧ್ಯಯನದಿಂದ ಹೆಸರಾದ ವಿಜ್ಞಾನಿ ಉಲ್ಲಾಸ ಕಾರಂತ ಅವರ ಮಗ. ಮರ ಗಿಡಗಳ ನಡುವೆ ಮಕ್ಕಳನ್ನು ಬಿಡಬೇಕು ಎಂದ ತಂದೆಯ ಮಾತು ಆ ಮನೆಯಲ್ಲಂತೂ ಫಲ ಕೊಟ್ಟಿತು.

ನಮ್ಮ ಭಾಗಕ್ಕೆ ಸಂಬಂಧಪಟ್ಟ ಒಂದು ಮಾತೂ ಇದೆ. ಕಾರಂತರು ಚಾಲುಕ್ಯರ ವಾಸ್ತು ಮತ್ತು ಶಿಲ್ಪದ ಮೇಲೂ ಬರೆದಿದ್ದಾರೆ. ಐಹೊಳೆ ನಮ್ಮಿಂದ ಹತ್ತು ಹನ್ನೆರಡು ಕಿಲೋಮೀಟರು. ಕಡಲ ತೀರದ ಮನುಷ್ಯ ಈ ಕಲ್ಲುಗಳ ಬಗ್ಗೆ ಪುಸ್ತಕ ಬರೆದರೆ, ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿರುವ ನಮ್ಮ ಓಣಿಯ ಮಕ್ಕಳಲ್ಲಿ ಅರ್ಧಕ್ಕರ್ಧ ಅವನ್ನು ನೋಡಿಯೇ ಇಲ್ಲ. ದುರ್ಗ ಗುಡಿಯ ಹಿಂಬದಿ ಗೋಡೆ ದುಂಡಗೆ ತಿರುಗುವುದನ್ನು ಪೆನ್ಸಿಲಿನಲ್ಲಿ ಹಿಡಿಯುವುದು ಎಷ್ಟು ಕಷ್ಟ ಎಂದು ಕೂತು ಬರೆದವರಿಗೇ ಗೊತ್ತು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಹಿಂದೊಮ್ಮೆ ಅದರಲ್ಲಿ ವಾಸವಿದ್ದ ಲಾಡಖಾನ್ ಎಂಬವರಿಂದ. ಇದನ್ನು ಹೇಳಿದರೆ ನಮ್ಮ ಮಕ್ಕಳ ಕಿವಿ ನೆಟ್ಟಗಾಗುತ್ತದೆ, ಅವರು ಎಲ್ಲಿ ಮಲಗುತ್ತಿದ್ದರು, ಎಲ್ಲಿ ಅಡುಗೆ ಮಾಡುತ್ತಿದ್ದರು ಎಂಬ ಪ್ರಶ್ನೆಗಳು ಮುಗಿಯುವುದಿಲ್ಲ.

ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು, ತೊಂಬತ್ತೈದು ತುಂಬಿದ ಮೇಲೆ. ಆ ಕೊನೆಯ ಕಾಲದಲ್ಲೂ ಅವರು ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನ ಮಾತು.

ಈ ಸಲ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಮತ್ತೆ ಬೇವಿನ ಮರದ ಕೆಳಗೆ ಕೂಡಬೇಕೆಂದಿದ್ದೇವೆ. ಮದುವೆ ಪತ್ರಿಕೆ, ರಟ್ಟು, ಖಾಲಿ ಚಿಪ್ಪು ಇದ್ದವರು ಬಿಸಾಡದೆ ಕಲಾ ವಿಭಾಗದ ಹುಡುಗಿಯರ ಕೈಗೆ ಕೊಡಿ. ಗೌಂಡಿ ಕೆಲಸಕ್ಕೆ ಹೊರಡುವ ಮನೆಗಳಲ್ಲಿ ಅಜ್ಜಿ ಊರಲ್ಲೇ ಉಳಿಯುವುದಾದರೆ ಮಕ್ಕಳನ್ನೂ ಅವರ ಹತ್ತಿರ ಬಿಡಲು ಕೇಳಿ ನೋಡುತ್ತೇವೆ. ಎರಡು ಮನೆಯವರು ನೋಡೋಣ ಎಂದಿದ್ದಾರೆ. ಐಹೊಳೆಗೆ ಒಂದು ದಿನ ಹೋಗಲು ಬಸ್ಸಿನ ಖರ್ಚಿನದೊಂದೇ ಚಿಂತೆ.