ಕ್ಷಮಿಸಿದ ಅಪ್ಪ: ಎಲ್ಪಿಡಿಯೊ ಕಿರಿನೊ

ನಮ್ಮ ಕ್ಯಾಂಪುಗಳಲ್ಲಿ ಫಿಲಿಪೀನ್ಸಿನವರು ಎಷ್ಟು ಜನ ಇದ್ದಾರೆ ಅಂತ ನಿಮಗೆಲ್ಲ ಗೊತ್ತೇ ಇದೆ. ನನ್ನ ಸೈಟಿನ ಫೋರ್‌ಮನ್ ಕೂಡ ಅವರಲ್ಲೊಬ್ಬ. ಅಲ್ಲಿಗೆ ಬರುವ ಇಂಜಿನಿಯರ್ ಜಪಾನಿನವರು. ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತು ಊಟ ಮಾಡ್ತಾರೆ. ಯುದ್ಧದ ಕಾಲದಲ್ಲಿ ಜಪಾನಿನವರು ನಿಮ್ಮ ದೇಶವನ್ನ ಸುಟ್ಟು ಹಾಕಿದ್ರಲ್ಲ, ಅದೆಲ್ಲ ಮರೆತುಹೋಯ್ತಾ ಅಂತ ನಾನು ಒಂದಿನ ಫೋರ್‌ಮನ್‌ನ ಕೇಳಿಯೇಬಿಟ್ಟೆ. ಮರೆತಿಲ್ಲ ಅಂದವನು, ತನ್ನ ಊರಿನ ಒಬ್ಬ ಹಿರಿಯರ ಹೆಸರು ಹೇಳಿದ. ಎಲ್ಪಿಡಿಯೊ ಕಿರಿನೊ. ಆಮೇಲೆ ಹುಡುಕಿ ಓದಿದ್ದನ್ನ ಇಲ್ಲಿ ಬರೀತಿದ್ದೇನೆ.

ಕಿರಿನೊ ಹುಟ್ಟಿದ್ದು 1890ರಲ್ಲಿ, ಲೂಝಾನ್ ದ್ವೀಪದ ವಿಗನ್ ಎಂಬ ಊರಿನಲ್ಲಿ. ತಂದೆ ಜೈಲಿನಲ್ಲಿ ವಾರ್ಡನ್. ದೊಡ್ಡ ಮನೆತನವೇನಲ್ಲ. ಹುಡುಗ ಸಣ್ಣ ವಯಸ್ಸಿಗೇ ಮೇಷ್ಟ್ರ ಕೆಲಸ ಮಾಡಿ, ಕಾನೂನು ಓದಿ, 1915ರಲ್ಲಿ ವಕೀಲನಾದ. 1919ಕ್ಕೆ ಶಾಸನಸಭೆ, 1925ಕ್ಕೆ ಸೆನೆಟ್. ಆಗ ಫಿಲಿಪೀನ್ಸ್ ಅಮೆರಿಕದ ಕೈಕೆಳಗಿತ್ತು. ಸ್ವಾತಂತ್ರ್ಯ ಕೇಳಲು ವಾಷಿಂಗ್ಟನ್ನಿಗೆ ಹೋದ ನಿಯೋಗದಲ್ಲೂ ಇವರಿದ್ದರು. ನಡುವೆ ಅಲಿಸಿಯಾ ಎಂಬುವರ ಜೊತೆ ಮದುವೆ, ಮಕ್ಕಳು.

1942ರ ಜನವರಿಯಲ್ಲಿ ಜಪಾನಿ ಸೈನ್ಯ ಮನಿಲಾಕ್ಕೆ ನುಗ್ಗಿತು. ಮೂರು ವರ್ಷ ಅವರದೇ ಆಳ್ವಿಕೆ. 1945ರ ಫೆಬ್ರವರಿಯಲ್ಲಿ ಅಮೆರಿಕದ ಸೈನ್ಯ ವಾಪಸು ಬಂದಾಗ, ಜಪಾನಿ ಪಡೆ ನಗರ ಬಿಟ್ಟು ಹೋಗಲಿಲ್ಲ. ಒಂದು ತಿಂಗಳು ಬೀದಿ ಬೀದಿಯಲ್ಲಿ ಯುದ್ಧ. ಜಪಾನಿ ಸೈನಿಕರ ಕಗ್ಗೊಲೆ ಒಂದು ಕಡೆ, ಅಮೆರಿಕದ ಫಿರಂಗಿ ಇನ್ನೊಂದು ಕಡೆ. ಸುಮಾರು 1,00,000 ಸಾಮಾನ್ಯ ಜನ ಸತ್ತರು.

ಫೆಬ್ರವರಿ 9ರಂದು ಕಿರಿನೊ ಅವರ ಸಂಸಾರ ಮನೆ ಬಿಟ್ಟು ಅಜ್ಜಿಯ ಮನೆಯ ಕಡೆ ಓಡಿತು. ದಾರಿಯಲ್ಲೇ ಹೆಂಡತಿ ಅಲಿಸಿಯಾ, ಮಗ ಅರ್ಮಾಂಡೊ, ಮಗಳು ನಾರ್ಮಾ, ಎರಡು ವರ್ಷದ ಕೂಸು ಫೆ ಜಪಾನಿ ಸೈನಿಕರ ಕೈಯಲ್ಲಿ ಹತರಾದರು. ಬಂಧುಗಳಲ್ಲೂ ಐದು ಜನ ಹೋದರು. ಉಳಿದಿದ್ದು ಅಪ್ಪ, ಮಗ ಟೋಮಸ್, ಮಗಳು ವಿಕ್ಟೋರಿಯಾ.

ಯುದ್ಧ ಮುಗಿದು 1946ರಲ್ಲಿ ದೇಶ ಸ್ವತಂತ್ರವಾಯ್ತು. ಕಿರಿನೊ ಉಪಾಧ್ಯಕ್ಷರಾದರು. 1948ರಲ್ಲಿ ಅಧ್ಯಕ್ಷ ರೋಹಾಸ್ ಹಠಾತ್ತಾಗಿ ತೀರಿಕೊಂಡಾಗ ಇವರೇ ಅಧ್ಯಕ್ಷರು. ಹೆಂಡತಿ ಇಲ್ಲದ ಅರಮನೆಯಲ್ಲಿ ಅತಿಥಿಗಳನ್ನ ನೋಡಿಕೊಂಡವಳು ಇನ್ನೂ ಹದಿಹರೆಯದ ವಿಕ್ಟೋರಿಯಾ. ಇವರನ್ನ ಬರೀ ಹೊಗಳಿದರೆ ತಪ್ಪಾಗುತ್ತೆ. ಇವರ ಸರ್ಕಾರದ ಮೇಲೆ ಭ್ರಷ್ಟಾಚಾರದ ಆರೋಪ ಜೋರಾಗಿತ್ತು, ಹಳ್ಳಿಗಳಲ್ಲಿ ರೈತರ ಬಂಡಾಯ ಉರಿಯುತ್ತಿತ್ತು. ನಮ್ಮಂಥ ದುಡಿಯೋರಿಗೆ ಹೇಳಬೇಕಾದ ಮಾತು ಅಂದರೆ, ಕನಿಷ್ಠ ಕೂಲಿಯ ಕಾನೂನು ಬಂದದ್ದು ಇವರ ಕಾಲದಲ್ಲೇ, 1951ರಲ್ಲಿ.

ಅದೇ ವರ್ಷದ ಜನವರಿಯಲ್ಲಿ 14 ಜಪಾನಿ ಯುದ್ಧಾಪರಾಧಿಗಳನ್ನ ಗಲ್ಲಿಗೆ ಹಾಕಿದರು. ಇನ್ನೂ ನೂರಕ್ಕೂ ಹೆಚ್ಚು ಜನ ಮುಂಟಿನ್‌ಲುಪಾ ಜೈಲಿನಲ್ಲಿದ್ದರು, ಅರ್ಧದಷ್ಟು ಜನ ಮರಣದಂಡನೆಯವರು. ಜಪಾನಿನಿಂದ ಕರುಣೆ ಬೇಡಿ ಪತ್ರಗಳ ಮೇಲೆ ಪತ್ರ ಬಂದವು. ಕಾನೊ ಕನ್ರಾಯ್ ಎಂಬ ಚಿತ್ರಕಾರ ಬಿಡದೆ ಬರೆದ. ಕೈದಿಗಳು ಕಟ್ಟಿದ ಹಾಡು ಜಪಾನಿನಲ್ಲಿ ಮನೆಮಾತಾಯ್ತು.

1953ರ ಜುಲೈನಲ್ಲಿ ಕಿರಿನೊ ಅವರನ್ನೆಲ್ಲ ಕ್ಷಮಿಸಿದರು. ಮರಣದಂಡನೆ ಜೀವಾವಧಿಯಾಯ್ತು, ಉಳಿದವರಿಗೆ ಬಿಡುಗಡೆ. ಅದೇ ತಿಂಗಳು ಹಡಗು ಯೊಕೊಹಾಮಾ ಮುಟ್ಟಿತು. ಜೀವಾವಧಿಯವರಿಗೂ ವರ್ಷದ ಕೊನೆಗೆ ಕ್ಷಮೆ ಸಿಕ್ಕಿತು. ಹೆಂಡತಿ ಮಕ್ಕಳನ್ನ ಕಳಕೊಂಡ ತಾನು ಕ್ಷಮಿಸುವವರಲ್ಲಿ ಕಟ್ಟಕಡೆಯವನಾಗಬೇಕಿತ್ತು ಅಂತ ಅವರೇ ಒಪ್ಪಿಕೊಂಡರು. ಆದರೆ ಉಳಿದ ಮಕ್ಕಳಿಗೆ, ತನ್ನ ಜನಕ್ಕೆ ದ್ವೇಷವನ್ನ ಆಸ್ತಿಯಾಗಿ ಬಿಟ್ಟು ಹೋಗಲಾರೆ, ಜಪಾನ್ ಎಂದಿದ್ದರೂ ನೆರೆಯ ದೇಶ ಅನ್ನೋದು ಅವರ ವಾದ. ಪರಿಹಾರದ ಮಾತುಕತೆಯ ಲೆಕ್ಕಾಚಾರವೂ ಇತ್ತು ಅನ್ನೋರಿದ್ದಾರೆ. ಇರಬಹುದು. ಆದರೆ ಮನೆಯವರನ್ನ ಕಳಕೊಂಡ ಎಷ್ಟೋ ಮತದಾರರಿದ್ದ ದೇಶದಲ್ಲಿ, ಚುನಾವಣೆಯ ವರ್ಷವೇ ಹೀಗೆ ಮಾಡೋದಕ್ಕೆ ಗುಂಡಿಗೆ ಬೇಕು.

ಆ ಚುನಾವಣೆಯಲ್ಲಿ ಅವರು ರಾಮನ್ ಮ್ಯಾಗ್ಸೆಸೆ ಎದುರು ಸೋತರು. ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದ ಪ್ರಶಸ್ತಿ ಈ ಮ್ಯಾಗ್ಸೆಸೆ ಹೆಸರಿನದೇ. ಗೆದ್ದವರ ಹೆಸರು ನಮ್ಮೂರಿನವರೆಗೂ ಬಂತು, ಸೋತವರದು ಬರಲಿಲ್ಲ. 1956ರ ಫೆಬ್ರವರಿ 29ರಂದು ಕಿರಿನೊ ಹೃದಯಾಘಾತದಿಂದ ತೀರಿಕೊಂಡರು. ಅದೇ ವರ್ಷ ಎರಡೂ ದೇಶಗಳ ನಡುವೆ ಪರಿಹಾರದ ಒಪ್ಪಂದವಾಗಿ, ರಾಜತಾಂತ್ರಿಕ ಸಂಬಂಧ ಮತ್ತೆ ಶುರುವಾಯ್ತು. ಅದನ್ನ ನೋಡೋಕೆ ಅವರಿರಲಿಲ್ಲ. 2016ರಲ್ಲಿ ಟೋಕಿಯೊದ ಹಿಬಿಯಾ ಪಾರ್ಕಿನಲ್ಲಿ ಅವರ ನೆನಪಿಗೆ ಒಂದು ಫಲಕ ಇಟ್ಟಿದ್ದಾರೆ.

ಊರಲ್ಲಿ ನನಗೂ ನಮ್ಮ ದೊಡ್ಡಪ್ಪನ ಮಗನಿಗೂ ಹೊಲದ ಬದುವಿನ ಜಗಳ. ಹನ್ನೊಂದು ವರ್ಷದಿಂದ ಮಾತಿಲ್ಲ. ಈ ಸಲ ರಜೆಗೆ ಹೋದಾಗ ನಾನೇ ಮಾತಾಡಿಸ್ತೀನಿ ಅಂತ ಬರೆಯೋಷ್ಟು ಧೈರ್ಯ ಇನ್ನೂ ಬಂದಿಲ್ಲ. ಆದರೆ ನನ್ನ ಮಗ ಅವನ ಮಗನ ಜೊತೆ ಆಡಬೇಡ ಅಂತ ಫೋನಿನಲ್ಲಿ ಹೇಳೋದನ್ನ ಮಾತ್ರ ಬಿಟ್ಟಿದ್ದೇನೆ.