ಮಾರುಕಟ್ಟೆಯ ದಾರಿ ಕೇಳಿದ ಸಹಾಬಿ

ಸ್ವಂತ ವ್ಯಾಪಾರವೊಂದನ್ನು ಆರಂಭಿಸಬೇಕೆಂಬ ಹಂಬಲ ನಿಮ್ಮ ಮನೆಯಲ್ಲೂ ಯಾರಿಗಾದರೂ ಇರಬಹುದು. ಬಂಡವಾಳ ಕೂಡಿಬರಲಿ, ಒಳ್ಳೆಯ ಜಾಗ ಸಿಗಲಿ ಎಂದು ಕಾಯುತ್ತಾ ವರ್ಷಗಳು ಉರುಳುತ್ತವೆ. ಕೊನೆಗೆ ಹಂಬಲವೇ ಆರಿಹೋಗುತ್ತದೆ. ಅಂಥವರು ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಬದುಕನ್ನೊಮ್ಮೆ ನೋಡಬೇಕು.

ಅವರು ಕುರೈಶ್ ಗೋತ್ರದ ಬನೂ ಝುಹ್ರಾ ಮನೆತನದವರು. ಇಸ್ಲಾಮನ್ನು ಮೊದಮೊದಲು ಸ್ವೀಕರಿಸಿದವರಲ್ಲಿ ಒಬ್ಬರು. ಮಕ್ಕಾದವರ ಕಿರುಕುಳದಿಂದಾಗಿ ಒಮ್ಮೆ ಅಬಿಸೀನಿಯಾಕ್ಕೂ ವಲಸೆ ಹೋಗಿದ್ದರು. ಕ್ರಿ.ಶ. 622ರ ಹಿಜ್ರತ್‌ನಲ್ಲಿ ಮದೀನಾ ತಲಪಿದಾಗ ಅವರದು ಬರಿಗೈ.

ಪ್ರವಾದಿ(ಸ)ಯವರು ಅವರನ್ನು ಅನ್ಸಾರಿಗಳ ಪೈಕಿ ಸಅದ್ ಬಿನ್ ರಬೀಅ್(ರ)ರೊಂದಿಗೆ ಸಹೋದರತ್ವದಲ್ಲಿ ಬೆಸೆದರು. ಸಅದ್(ರ) ಸ್ಥಿತಿವಂತರು. ತಮ್ಮ ಸಂಪತ್ತಿನ ಅರ್ಧಭಾಗ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಬರಕತ್ತಿನ ದುಆ ಮಾಡಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು.

ಅದು ಬನೂ ಕೈನುಕಾದವರ ಮಾರುಕಟ್ಟೆ. ಊರು ಹೊಸದು, ಅಲ್ಲಿನ ವ್ಯಾಪಾರಿಗಳು ಬೇರೂರಿದವರು. ಅಂದು ಸಂಜೆ ಅವರು ಲಾಭವೆಂದು ತಂದದ್ದು ಒಂದಿಷ್ಟು ತುಪ್ಪ ಮತ್ತು ಒಣಗಿಸಿದ ಗಿಣ್ಣು ಮಾತ್ರ! ಇಷ್ಟೇನಾ ಎಂದು ಅವರು ಕೈಚೆಲ್ಲಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹೊರಟರು, ಅದರ ಮರುದಿನವೂ ಹೊರಟರು. ಸ್ವಲ್ಪ ಕಾಲದಲ್ಲೇ ಖರ್ಜೂರದ ಬೀಜದಷ್ಟು ತೂಕದ ಚಿನ್ನವನ್ನು ಮಹ್ರ್ ಆಗಿ ಕೊಟ್ಟು ವಿವಾಹವಾದರು. ಒಂದು ಆಡನ್ನಾದರೂ ಕೊಯ್ದು ವಲೀಮಾ ಮಾಡುವಂತೆ ಪ್ರವಾದಿ(ಸ)ಯವರು ಅವರಿಗೆ ಹೇಳಿದರು.

ಕೈಬಿಡುವವರಿಗೂ ಮುನ್ನಡೆಯುವವರಿಗೂ ಇರುವ ಅಂತರ ಇಲ್ಲಿದೆ. ಅಲ್ಪ ಲಾಭವನ್ನು ಅವಮಾನವೆಂದು ಬಗೆದವನು ಎರಡನೆಯ ದಿನ ಮನೆಯಲ್ಲಿ ಉಳಿಯುತ್ತಾನೆ. ಅದನ್ನು ಅಲ್ಲಾಹನ ಅನುಗ್ರಹವೆಂದು ಬಗೆದವನು ಮತ್ತೆ ಹೊರಡುತ್ತಾನೆ.

ಸಅದ್(ರ)ರ ಪಾತ್ರವನ್ನೂ ಮರೆಯದಿರಿ. ಬರಿಗೈಯವರ ಬೆನ್ನಿಗೆ ಒಂದು ಮನೆಯಿತ್ತು, ಹೀಯಾಳಿಸದ ಒಬ್ಬ ಸಹೋದರನಿದ್ದ. ಹಿಜ್ರಿ 3ರ ಉಹುದ್ ಯುದ್ಧದಲ್ಲಿ ಸಅದ್(ರ) ಹುತಾತ್ಮರಾದರು. ಅದೇ ಉಹುದ್‌ನಲ್ಲಿ ಹೋರಾಡಿದ ಅಬ್ದುರ್ರಹ್ಮಾನ್(ರ) ಮುಂದೆ ಮದೀನಾದ ಮಹಾ ಶ್ರೀಮಂತರಾದರು, ದಾನಿಗಳಾದರು. ಒಮ್ಮೆ ಉಪವಾಸ ತೊರೆಯಲು ಆಹಾರ ತಂದಿಟ್ಟಾಗ, ಉಹುದ್‌ನಲ್ಲಿ ಮಡಿದ ಮುಸ್ಅಬ್ ಬಿನ್ ಉಮೈರ್(ರ)ರಿಗೆ ಮೈತುಂಬ ಕಫನ್ ಬಟ್ಟೆಯೂ ಇರಲಿಲ್ಲವೆಂಬುದನ್ನು ನೆನೆದು ಅತ್ತರು. ಊಟ ಹಾಗೆಯೇ ಉಳಿಯಿತು. ಹಿಜ್ರಿ 32ರಲ್ಲಿ ಅವರು ನಿಧನರಾದರು.

ನಿಮ್ಮ ಮಗನೋ ತಮ್ಮನೋ ನಾಳೆ ಒಂದು ಸಣ್ಣ ಅಂಗಡಿಯ ಮಾತೆತ್ತಿದರೆ ನಗಬೇಡಿ. ಅವನಿಗೆ ಮಾರುಕಟ್ಟೆಯ ದಾರಿ ತೋರಿಸಿ. ಸಂಜೆ ಅವನು ತರುವುದು ತುಸು ತುಪ್ಪವೇ ಆಗಿರಲಿ, ಹಲಾಲ್ ಆಗಿದ್ದರೆ ಸಂತೋಷದಿಂದ ಸ್ವೀಕರಿಸಿ.